ನದಿಯ ಮೇಲಿನ ದಾರಿ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಅವನು ಎರವಲು ತಂದಿದ್ದ ಹೆಡ್‌ಫೋನನ್ನು ಹಿಂದಿರುಗಿಸಲು ಅವಳು ಕ್ಲಬ್ಬಿಗೆ ಬಂದಳು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರ ಕ್ಲಬ್ಬು ಅದು. ಇಳಿಯುವವರಿಗೆ ದಾರಿ ಮತ್ತು ರನ್‌ವೇ ಹೇಳುವ ಕಂಟ್ರೋಲರ್ ಅವನಾಗಿದ್ದ. ಬೀಗ ಇನ್ನೂ ತೆಗೆದಿರಲಿಲ್ಲ. ಬೆಂಚಿನ ಮೇಲೆ ಅವಳ ಗುರುತಿಲ್ಲದ ವಯಸ್ಸಾದ ದಂಪತಿ ಕೂತಿದ್ದರು.

“ಈ ಹೊಸಬ ಇವತ್ತೂ ನೇರ ರನ್‌ವೇನೇ ಕೊಡ್ತಾನೆ, ನೋಡ್ತಿರು,” ಎಂದರು ಮುದುಕರು.

“ಹಾಗಾದ್ರೆ ನಾನ್ಯಾಕೆ ಬರ್ಲಿ? ಪರದೇಲಿ ನದೀನೂ ಕಾಣ್ಸಲ್ಲ, ನನ್ನ ತವರಿನ ಸೇತುವೇನೂ ಕಾಣ್ಸಲ್ಲ.”

“ಗಾಳಿಗೆ ಎದುರಾಗೇ ಇಳೀಬೇಕು ಕಣೇ. ಅದು ನಿಯಮ.”

“ತೀರಿಹೋದ ಆ ಪುಣ್ಯಾತ್ಮನಿಗೆ ನಿಯಮ ಇರ್ಲಿಲ್ವಾ?”

“ಬೇರೆ ವಿಮಾನ ಇಲ್ಲದಾಗ ನಿನಗೋಸ್ಕರ ನದಿ ಮೇಲಿನ ಸುತ್ತುದಾರಿ ಕೊಡ್ತಿದ್ದ. ಹಿಂದಿನಿಂದ ಗಾಳಿ ತಳ್ಳಿ, ಎಷ್ಟು ಸಲ ರನ್‌ವೇ ದಾಟಿ ಹುಲ್ಲಿಗೆ ನುಗ್ಗಿಲ್ಲ ನಾವು!”

“ನುಗ್ಸಿದ್ದು ನೀವು. ಅವನ ತಲೆಗೆ ಕಟ್ಬೇಡಿ.”

“ಆಯ್ತು ಮಾರಾಯ್ತಿ. ‘ನಮ್ಮನೇಲೂ ಕಿಟಕಿ ಸೀಟಿಗೆ ಜಗಳ ಆಡೋಳು ಒಬ್ಬಳಿದಾಳೆ, ನನಗೆ ಅಭ್ಯಾಸ ಆಗಿದೆ’ ಅಂತಿದ್ದ.”

“ಪಾಪ, ಹೇಗಿದಾಳೋ ಆ ಹುಡುಗಿ.”

ಅವಳು ಹೆಡ್‌ಫೋನಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಹೊಸ ಕಂಟ್ರೋಲರ್ ಬಂದು ಬೀಗ ತೆಗೆದ. ಮುದುಕರು ಹೆಂಡತಿಯ ಕೈಹಿಡಿದು, ಆಕೆಯ ಗೊಣಗಾಟ ಕೇಳುತ್ತಲೇ ಒಳಗೆ ಹೋದರು.

“ಇದು ಕ್ಲಬ್ಬಿಂದು. ನಮ್ಮವರು ಮನೆಗೆ ತಂದಿದ್ರು,” ಎಂದು ಅವಳು ಹೆಡ್‌ಫೋನನ್ನು ಅವನ ಕೈಗಿತ್ತಳು. ಹೊರಟವಳು ತಿರುಗಿ ನಿಂತಳು.

“ಗಾಳಿ ಹೇಗಾದ್ರೂ ಇರ್ಲಿ, ಆ ಅಮ್ಮನಿಗೆ ನದಿ ಮೇಲಿನ ದಾರಿ ಕೊಡಿ.”