ಬಾವಿ ಪಕ್ಕದ ಹೊಲ

ನೋಂದಣಿ ಕಚೇರಿಯ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ಅಕ್ಕ ತಮ್ಮ ಇಬ್ಬರು ಕೂತಿದ್ದರು.

"ನಿನ್ನ ಗಂಡನ ದೇಶದವರ ಹೆಸರಿಗೆ ಇಲ್ಲಿ ಹೊಲ ಬರೆಯೋ ಹಾಗಿಲ್ಲ ಅಕ್ಕಾ. ಕಾನೂನೇ ಹಾಗಿದೆ."

"ಮನೇಲಾದ್ರೂ ಪಾಲು?"

"ಮನೆಗೂ ಅದೇ."

"ಗಂಡನ ದೇಶದ ಪೌರತ್ವ ತಗೋ ಅಂತ ದುಂಬಾಲು ಬಿದ್ದವನು ನೀನೇ ಅಲ್ವೇನೋ?"

"ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಈ ಕಾನೂನು ಆಗಲೇ ಗೊತ್ತಿತ್ತಾ ನಿನಗೆ?"

ತಮ್ಮ ತನ್ನ ಅಂಗಿಯ ಗುಂಡಿ ತಿರುವಿದ.

"ಅಪ್ಪನಿಗೂ ಗೊತ್ತಿತ್ತು. ನಿನಗೆ ಹೇಳಬೇಡ ಅಂದಿದ್ದೇ ಅವರು."

ಅವಳ ದನಿ ಇಳಿಯಿತು. "ಬಾವಿ ಪಕ್ಕದ ಹೊಲ ನಿಂದೇ ಕಣಮ್ಮಾ ಅಂತ ಸಾಯೋ ತನಕ ಫೋನಲ್ಲಿ ಹೇಳ್ತಿದ್ರಲ್ಲೋ!"

ಅಷ್ಟರಲ್ಲಿ ಗುಮಾಸ್ತ ಕರೆದ. ಅಕ್ಕ ಎದ್ದು ಹೋಗಿ, ಪಾಲು ಬಿಟ್ಟುಕೊಟ್ಟೆನೆಂದು ಸಹಿ ಹಾಕಿದಳು.

"ಮನೆಗೆ ಬಾ ಅಕ್ಕಾ, ಊಟ ಮಾಡ್ಕೊಂಡು ಹೋಗು."

"ಯಾರ ಮನೆಗೋ?" ಎಂದು ಕೇಳಿ ಅವಳು ಒಬ್ಬಳೇ ಮೆಟ್ಟಿಲಿಳಿದಳು.