ಹೋದ ಸಮಯ

ಬಾಗಿಲು ಹಾಕ್ಕೊಂಡು ಬಾ. ಹೂಂ... ಕೂತ್ಕೋ. ಕಟ್ಟುಕತೆ ಅಂತ ಯಾರಾದ್ರೂ ಕಿಸಕ್ಕಂದ್ರೆ ಎದ್ದು ಹೋಗ್ತೀನಿ, ಮೊದಲೇ ಹೇಳಿದೀನಿ. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಹಳ್ಳಿ ಲೈಬ್ರರಿ ನೋಡ್ಕೋತಾನಲ್ಲ, ಅವನಿಗೆ.

ಅವತ್ತು ರಾತ್ರಿ ಎಂಟಕ್ಕೆ ಲೈಬ್ರರಿಗೆ ಬೀಗ ಹಾಕಿ ಊರ ಬಾವಿ ಪಕ್ಕದ ದಾರೀಲಿ ಮನೆಗೆ ಹೊರಟಿದ್ದಾನೆ. ಹಿಂದಿನಿಂದ ಸದ್ದು... ಸರಕ್... ಸರಕ್... ಹಾಳೆ ತಿರುಗಿಸೋ ಸದ್ದು. ಬೆರಳಿಗೆ ಎಂಜಲು ಹಚ್ಚಿ ತಿರುಗಿಸ್ತಾರಲ್ಲ, ಆ 'ಚಪ್' ಕೂಡ ಕೇಳಿಸ್ತಂತೆ. ಬೀಗ ಹಾಕಿದ ರೂಮಿನೊಳಗಿಂದ!

ಮಹಾಶಯ ಮಾಡಿದ್ದ ಘನಕಾರ್ಯ ಕೇಳಿ. ಅಜ್ಜನ ಕಾಲದಲ್ಲಿ ಪುಸ್ತಕ ಗಾಡಿ ಮೇಲೆ ಪೆಟ್ಟಿಗೇಲಿ ಬರ್ತಿತ್ತು, ತಿಂಗಳಿಗೊಂದು ಪೆಟ್ಟಿಗೆ. ಆಮೇಲೆ ಸೈಕಲ್ ಮೇಲೆ. ಆಮೇಲೆ ಊರೂರಿಗೊಂದು ರೂಮು, ನಾಲ್ಕು ಬೆಂಚು. ಜಾಗ ಸಿಗದೆ ಜನ ಮೆಟ್ಟಿಲ ಮೇಲೆ ಕೂತು ಓದಿದ್ದೂ ಉಂಟು. ಈಗ? ಇವನೊಬ್ಬನೇ ನೊಣ ಹೊಡೀತಾ ಕೂತಿದ್ದ. ಮೇಲಿನಿಂದ ಆರ್ಡರ್ ಬಂತು... ದಿನಕ್ಕೆ ಮೂವತ್ತು ಓದುಗರು ಬರದಿದ್ರೆ ಮುಚ್ಚಿಬಿಡಿ. ಇವನಿಗೋ ಆ ರೂಮು ಬಿಟ್ರೆ ಬೇರೆ ಗತಿ ಇಲ್ಲ.

ಹಾಜರಿ ಪುಸ್ತಕದಲ್ಲಿ ಸುಳ್ಳು ಹೆಸರು ತುಂಬಿಸೋಕೆ ಶುರು ಮಾಡಿದ. ಬದುಕಿದ್ದೋರ ಹೆಸರು ಬರೆದ್ರೆ 'ನಾನೆಲ್ಲಿ ಬಂದಿದ್ದೆ' ಅಂತ ಜಗಳಕ್ಕೆ ಬರ್ತಾರೆ. ಅದಕ್ಕೇ ಹಳೇ ಸದಸ್ಯರ ಪಟ್ಟಿ ತೆಗೆದು ಸತ್ತವರದ್ದು ಬರೆದ. ದಿನಾ ಇಪ್ಪತ್ತೊಂಬತ್ತು ಹೆಣ! ಪಟ್ಟೀಲಿ ಸತ್ತವರು ಅಷ್ಟೇ ಇದ್ದಿದ್ದು, ಮೂವತ್ತಾಗಲಿ ಅಂತ ಕೊನೇ ಸಾಲಿಗೆ ಬದುಕಿದ್ದ ಹೆಂಡತಿ ಹೆಸರು. ಎಲ್ಲರಿಗೂ 'ಬಂದ ಸಮಯ' ಹಾಕ್ತಿದ್ದ. 'ಹೋದ ಸಮಯ' ಮಾತ್ರ... ಸೋಮಾರಿ, ಖಾಲಿ ಬಿಡ್ತಿದ್ದ.

ಸದ್ದು ಕೇಳಿ ವಾಪಸ್ ಹೋಗಿ ಬೀಗ ತೆಗೆದ್ರೆ, ಬೆಂಚಿನ ತುಂಬಾ ಜನ.

"ಓದಿ ಆಯ್ತಪ್ಪ," ಅಂತ ಪಿಸುಗುಟ್ಟಿದ್ರು ಊರ ಶಾಲೆ ಮೇಷ್ಟ್ರು. ಅವರು ಸತ್ತು ಹನ್ನೆರಡು ವರ್ಷ. "ಇರೋದನ್ನೆಲ್ಲ ಮೂರು ಮೂರು ಸಲ ಓದಿದ್ವಿ."

"ಮ...ಮನೆಗೆ ಹೋಗಿ ಮೇಷ್ಟ್ರೇ."

"ಹೇಗೆ ಹೋಗೋದು? ನೀನು ಬರೆದಿಲ್ಲವಲ್ಲ."

ಅವತ್ತಿನ ಪುಟ ತೆಗೆದು ಮೊದಲ ಸಾಲಿಗೆ 8.20 ಅಂತ ಬರೆದ. ಕೆಳಗಿನ ಸಾಲುಗಳಿಗೆಲ್ಲ 'ಮೇಲಿನದೇ' ಅಂತ ಎರಡೆರಡು ಗೀಟು... ಟಕ್ ಟಕ್... ಟಕ್ ಟಕ್... ಬರೆಯೋರ ಕೈ ಅಭ್ಯಾಸ, ಪುಟದ ತಳ ಮುಟ್ಟೋವರೆಗೂ ನಿಲ್ಲಲಿಲ್ಲ. ಬೆಂಚು ಖಾಲಿ ಆಯ್ತು. ಅಬ್ಬಾ ಅಂತ ಉಸಿರು ಬಿಟ್ಟು ಕೊನೇ ಸಾಲು ನೋಡಿದ್ರೆ... ಅಯ್ಯೋ.

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. ಊಟಕ್ಕೆ ತಟ್ಟೆ ಇಟ್ಟ ಹೆಂಡತಿ ಹಾಗೇ ಗೋಡೆಗೆ ಒರಗಿದ್ದಳು. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ವಯಸ್ಸು ಬರೀ ಮೂವತ್ತೆರಡು. ಒಂದು ನೆಗಡಿ ಕೂಡ ಇರಲಿಲ್ಲ ರೀ ಅವಳಿಗೆ!

ಇಲ್ಲಿಗೇ ಮುಗಿದಿದ್ರೆ ನಾನೂ ಪಾಪ ಅಂತಿದ್ದೆ. ಈ ಪಾಪಿ ತಿಂಗಳು ಕಳೆದ ಮೇಲೆ ಪುಸ್ತಕ ತೆಗೆದು ಒಂದೇ ಒಂದು ಹೆಸರು ಬರೆದ. ಅವಳದ್ದು. ಬಂದ ಸಮಯ, ಬೆಳಿಗ್ಗೆ ಹತ್ತು.

ಬಂದಳು.

ಸುದ್ದಿ ಕೇಳಿ ನಾನೇ ಹೋದೆ. ಮೇಜಿನ ಹಿಂದೆ ಹಲ್ಲು ಕಿರಿದು ಕೂತಿದ್ದ. ಬೆಂಚಿನ ಮೇಲೆ ಯಾರೂ ಕಾಣಲಿಲ್ಲ. ಆದ್ರೆ ಬಳೆ ಸದ್ದು... ಕಿಣಿ... ಕಿಣಿ. ಆಮೇಲೆ ಸಣ್ಣ ದನಿ.

"ರೀ... ಬರೀರಿ. ಸಾಕು. ಕಣ್ಣು ಉರೀತಿದೆ."

"ಬರೆದುಬಿಡೋ," ಅಂದೆ. "ನಿನ್ನ ಕಾಲಿಗೆ ಬೀಳ್ತೀನಿ, ಅವಳನ್ನ ಕಳಿಸು."

"ಅವಳಿಗೆಲ್ಲಿ ಹೋಗೋದಿದೆ?" ಅಂತ ಪೆನ್ನು ಜೇಬಿಗಿಟ್ಕೊಂಡ. "ನಾನಿರೋವರೆಗೂ ಇಲ್ಲೇ ಇರಲಿ."

ನಾನೇ ಬರೆಯೋಣ ಅಂತ ಪುಸ್ತಕ ಎಳ್ಕೊಂಡೆ, ತಕ್ಷಣ ಕಿತ್ಕೊಂಡ. ಅಷ್ಟರಲ್ಲೇ ಕಣ್ಣಿಗೆ ಬಿತ್ತು. ಆಣೆ ಮಾಡಿ ಹೇಳ್ತೀನಿ, ಕಣ್ಣಾರೆ ನೋಡಿದ್ದು. ಅವಳ ಸಾಲಿನಲ್ಲಿ, ಹೋದ ಸಮಯ ಬರೆಯೋ ಜಾಗದಲ್ಲಿ, ಉಗುರಲ್ಲಿ ಕೆರೆದ ಗೀಟುಗಳು. ಹಾಳೆ ಹರಿದು ಕೆಳಗಿನ ಮೂರು ಪುಟಕ್ಕೂ ಇಳಿದಿದ್ವು. ಆ ಗೀಟುಗಳಿಗೆ ನನ್ನ ಬೆರಳು ತಗುಲಿತ್ತು... ಇನ್ನೂ ರಕ್ತದಲ್ಲಿ ಒದ್ದೆಯಾಗಿದ್ವು.