ದಿನ್ನೆಯ ದಾರಿ ಬಲ್ಲ ಎಮ್ಮೆ

ಶರಣರೇ, ತಾಯಂದಿರೇ, ಇವತ್ತಿನ ವಿಷಯ ಜೀವದಯೆ ಎಂದು ಹೊರಗೆ ಹಲಗೆಯ ಮೇಲೆ ಬರೆದಿದ್ದಾರೆ. ಜೀವದಯೆ ನಮ್ಮಲ್ಲಿ ಯಾರಿಗಿಲ್ಲ ಹೇಳಿ. ಇರುವೆ ಗೂಡಿಗೆ ಸಕ್ಕರೆ ಹಾಕುತ್ತೇವೆ, ನಾಗಪ್ಪನಿಗೆ ಹಾಲೆರೆಯುತ್ತೇವೆ, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಹೋಳಿಗೆ ತಿನ್ನಿಸುತ್ತೇವೆ. ದಯೆಯ ವಿಷಯದಲ್ಲಿ ನಾನು ನಿಮಗೆ ಹೊಸದಾಗಿ ಹೇಳಿಕೊಡುವುದೇನೂ ಇಲ್ಲ. ಅದಕ್ಕೇ ಒಂದು ಕಥೆ ಹೇಳಿ ಸುಮ್ಮನಾಗುತ್ತೇನೆ. ಹಿಂದೆ ಕಂಬಕ್ಕೆ ಒರಗಿ ಕೂತವರು ಕಥೆ ಮುಗಿಯುವವರೆಗೆ ಎಚ್ಚರವಾಗಿರಿ, ಆಮೇಲೆ ನಿಮ್ಮ ನಿದ್ದೆಗೆ ನನ್ನ ಅಡ್ಡಿಯಿಲ್ಲ.

ಒಂದು ಊರು, ಹೊಳೆದಂಡೆಯ ಊರು. ಅಲ್ಲೊಬ್ಬ ಸಾಹುಕಾರ. ನೋಡಿ, ಸಾಹುಕಾರ ಅಂದ ಕೂಡಲೇ ನೀವು ನಕ್ಕಿರಿ. ಸ್ವಾಮಿಗಳ ಕಥೆಯ ಸಾಹುಕಾರ ಎಂದರೆ ಜಿಪುಣ, ಕೊನೆಗೆ ಅವನಿಗೆ ಬುದ್ಧಿ ಬರುತ್ತದೆ, ನಾವು ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತೇವೆ ಎಂದುಕೊಂಡಿರಿ. ಇವನು ಹಾಗಲ್ಲ. ಒಳ್ಳೆಯ ಮನುಷ್ಯ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವನಲ್ಲ. ದನಗಳೆಂದರಂತೂ ಅವನಿಗೆ ಪಂಚಪ್ರಾಣ. ಕೊಟ್ಟಿಗೆಯಲ್ಲಿ ಹದಿನೆಂಟು ದನ. ಹದಿನೆಂಟರ ಮೈಯನ್ನೂ ಸವರದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ಪ್ರೀತಿಯಲ್ಲಿ ಅವನಿಗೆ ಕೊರತೆ ಇರಲಿಲ್ಲ. ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳಿ, ಕೊನೆಯಲ್ಲಿ ಬಿಚ್ಚಲು ಹೇಳುತ್ತೇನೆ.

ಆ ಕೊಟ್ಟಿಗೆಯ ವೈಭವ ಏನು ಕೇಳುತ್ತೀರಿ. ನೆಲಕ್ಕೆ ರಬ್ಬರಿನ ಹಾಸು, ಮೇಲೆ ಫ್ಯಾನು, ಕಿಟಕಿಗೆ ಸೊಳ್ಳೆ ಪರದೆ. ಅವನ ಹೆಂಡತಿ ಒಂದು ದಿನ ಕೇಳಿದಳಂತೆ, "ಏನ್ರೀ, ನನಗೂ ಅಲ್ಲೇ ಒಂದು ಗ್ವಾದಲಿ ಕೊಡ್ರಿ. ಫ್ಯಾನಿನ ಗಾಳಿಗಾದ್ರೂ ಮಲಗ್ತೀನಿ." ಸಾಹುಕಾರ ನಗಲಿಲ್ಲ. ಜಾಗ ಇದೆಯೇ ಎಂದು ನಿಜವಾಗಿಯೂ ಯೋಚನೆ ಮಾಡಿದನಂತೆ.

ಅವನ ಬಳಿ ಒಂದು ಜೋಡಿ ಖಿಲಾರಿ ಎತ್ತು ಇದ್ದವು. ಹಾಲಿನ ಬಣ್ಣ, ಕತ್ತಿಯಂಥ ಕೊಂಬು. ಕಾರಹುಣ್ಣಿಮೆಯ ಓಟದಲ್ಲಿ ಮೂರು ವರ್ಷ ಒಂದೇ ಸಮ ಗೆದ್ದವು. ಮೂರನೆಯ ಸಲ ಗೆದ್ದ ಮರುದಿನ ಒಂದು ಎತ್ತು ಮೇವು ಬಿಟ್ಟಿತು. ಅಜೀರ್ಣವಾಗಿತ್ತು ಅಷ್ಟೆ, ಗೆದ್ದ ಖುಷಿಗೆ ಊರಿನವರೆಲ್ಲ ಹೋಳಿಗೆ ತಿನ್ನಿಸಿದ್ದರು. ಆದರೆ ಸಾಹುಕಾರನಿಗೆ ಅನ್ನಿಸಿದ್ದು, ದೃಷ್ಟಿ ತಾಗಿತು. ಅಂದಿನಿಂದ ಅವನ ದನಗಳು ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಮೇವು ಅಲ್ಲಿಗೇ, ನೀರು ಅಲ್ಲಿಗೇ. ಓಟಕ್ಕೂ ಎತ್ತುಗಳನ್ನು ಬಿಡಲಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಇತ್ತು. ಅಲ್ಲೇ ಹುಟ್ಟಿದ ಕರು ಅಲ್ಲೇ ಬೆಳೆದು ಅಲ್ಲೇ ಗಬ್ಬವಾಯಿತು. ಆ ದನಗಳಿಗೆ ಲೋಕವೆಂದರೆ ಆ ಕೊಟ್ಟಿಗೆ. ದನಗಳ ಮಾತು ಬಿಡಿ, ನಮ್ಮಲ್ಲೂ ಅಂಥವರು ಎಷ್ಟು ಜನ ಇಲ್ಲ?

ಅದೇ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಊರಿಗೆಲ್ಲ ಆಯಿ. ಅವಳಿಗೆ ಇದ್ದದ್ದು ಒಂದೇ ಎಮ್ಮೆ, ಹೆಸರು ಚಿಗರಿ, ಅಂದರೆ ಜಿಂಕೆ. ಹೆಸರು ಕೇಳಿ ಮೋಸ ಹೋಗಬೇಡಿ. ಆ ಎಮ್ಮೆ ರಸ್ತೆಯಲ್ಲಿ ಅಡ್ಡ ನಿಂತರೆ ಬಸ್ಸಿನ ಡ್ರೈವರ್ ಇಂಜಿನ್ ಆರಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಅಲ್ಲವೇ? ಎತ್ತಿಗೂ ರಜೆ, ಎತ್ತಿನ ಯಜಮಾನನಿಗೂ ರಜೆ. ಯಜಮಾನ ಕಟ್ಟೆಯ ಮೇಲೆ ಕೂತು ದೇಶದ ರಾಜಕಾರಣ ಸರಿ ಮಾಡುತ್ತಿರುತ್ತಾನೆ. ಆಯಿ ಪ್ರತಿ ಸೋಮವಾರ ಒಂದು ಹಳೆಯ ತಾಮ್ರದ ಬೋಗುಣಿಯಲ್ಲಿ ಹಿಂಡಿ ತುಂಬಿಕೊಂಡು, ಅದನ್ನು ಬಳೆಯಿಂದ ಟಣಟಣ ಬಡಿಯುತ್ತ ಊರ ಹೊರಗಿನ ದಿನ್ನೆ ಹತ್ತುತ್ತಿದ್ದಳು. ಹಿಂದೆ ಚಿಗರಿ. ದಿನ್ನೆಯ ಮೇಲೆ ಹಾಳುಬಿದ್ದ ಹತ್ತಿ ಗಿರಣಿ ಇತ್ತು. ಅಲ್ಲಿ ಎಮ್ಮೆಗೆ ಒಂದು ಹಿಡಿ ಹಿಂಡಿ ತಿನ್ನಿಸಿ, ಅರ್ಧ ತಾಸು ನಿಂತು, ವಾಪಸ್ಸು ಬರುವುದು. ಕಟ್ಟೆಯ ಮೇಲಿದ್ದವರನ್ನು ಸುಮ್ಮನೆ ಬಿಟ್ಟಾಳೇ? "ಏಳ್ರೋ, ಕುಂತು ಕುಂತು ಕಟ್ಟಿ ಸವದೈತಿ. ಎತ್ತು ಬಿಚ್ಚಿಕೊಂಡು ಬರ್ರಿ." ಅವಳ ಬಾಯಿಗೆ ಹೆದರಿ ಒಬ್ಬ ಹೋದ, ಇಬ್ಬರು ಹೋದರು, ವರ್ಷದೊಳಗೆ ಅರ್ಧ ಊರಿನ ದನ ಸೋಮವಾರ ದಿನ್ನೆ ಹತ್ತತೊಡಗಿತು.

ಒಂದು ಸೋಮವಾರ ಆಯಿ ಸಾಹುಕಾರನ ಬಾಗಿಲಿಗೂ ಬಂದಳು.

"ಸಾವ್ಕಾರ, ನಿನ್ನ ದನಾನೂ ಬಿಡು. ದಾರಿ ಕಲೀಲಿ."

"ದಾರಿ ಕಲ್ತು ಅವು ಎಲ್ಲಿಗೆ ಹೋಗಬೇಕಾಗೈತಿ, ಆಯಿ?"

"ಹೊಳಿ ಬಂದ್ರ?"

"ಬಂದ್ರ ಟ್ರ್ಯಾಕ್ಟರ್ ಐತಿ. ಟ್ರೇಲರ್‌ನಾಗ ಹಾಕ್ಕೊಂಡು ಹೋಗ್ತೀನಿ. ಅಲ್ಲೀತನಕ ಬಯಲಾಗ ನಿಲ್ಲಿಸಿ ಊರ ಮಂದಿ ಕಣ್ಣು ಬೀಳೂದು ಯಾಕ?"

ಆಯಿ ಬೋಗುಣಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು, "ನಾ ಈ ಊರಿಗೆ ಸೊಸಿ ಆಗಿ ಬಂದ ವರ್ಷ ಹೊಳಿ ಬಂದಿತ್ತು. ನಾವೆಲ್ಲ ಓಡಿದ್ವಿ. ದನ ಬಿಚ್ಚಾಕ ಹೋದ್ರ ಹಗ್ಗ ನೀರಿಗೆ ಉಬ್ಬಿ ಗಂಟು ಬಿಗದಿತ್ತು. ನಮ್ಮ ಮಾವ ಹಲ್ಲಿಲೆ ಬಿಚ್ಚಾಕ ನೋಡಿದ, ಬರಲಿಲ್ಲ. ಗೂಟಕ್ಕ ಕಟ್ಟಿದ ದನ ಗೂಟದಾಗ ಹೋದ್ವು. ನಾವು ಮಾಳಿಗಿ ಏರಿ ಕುಂತು ನೋಡಿದ್ವಿ." ಅಷ್ಟು ಹೇಳಿ ಬೋಗುಣಿ ಬಡಿಯುತ್ತ ಹೊರಟುಹೋದಳು. ಸೊಸೆಯಾಗಿ ಬಂದ ಆ ವರ್ಷದಿಂದಲೂ ಅವಳು ಎಮ್ಮೆಯನ್ನು ಕಟ್ಟುವುದು ಜೀರುಗುಣಿಕೆಯಲ್ಲಿ. ಒಂದು ತುದಿ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುತ್ತದೆ.

ಆ ವರ್ಷ ಶ್ರಾವಣದಲ್ಲಿ ಊರಲ್ಲಿ ಒಂದು ಹನಿ ಮಳೆ ಇಲ್ಲ. ಬಿಸಿಲು. ಇದನ್ನು ಗಮನಿಸಿ, ಹೊಳೆದಂಡೆಯವರು ಮೋಸ ಹೋಗುವುದೇ ಇಲ್ಲಿ. ನಮ್ಮೂರಲ್ಲಿ ಬಿಸಿಲಿದೆ, ನೆರೆ ಎಲ್ಲಿಂದ ಬರುತ್ತದೆ ಎನ್ನುತ್ತೇವೆ. ಮಳೆ ಬಿದ್ದಿದ್ದು ಮೇಲೆ, ಘಟ್ಟದಲ್ಲಿ. ಒಂದು ಬುಧವಾರ ಬೆಳಿಗ್ಗೆ ಪಂಚಾಯಿತಿಯ ಆಟೋ ಮೈಕು ಹಚ್ಚಿಕೊಂಡು ಬಂತು: ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಮಧ್ಯಾಹ್ನದೊಳಗೆ ಊರು ಬಿಡಿ.

ಆಯಿ ಬೋಗುಣಿ ಬಡಿದಳು. ಚಿಗರಿ ಎದ್ದು ನಡೆಯಿತು. ಅದರ ಹಿಂದೆ ಅರ್ಧ ಊರಿನ ದನ. ಅಂದು ಸೋಮವಾರವಲ್ಲ, ಬುಧವಾರ. ಎಮ್ಮೆಗೆ ಪಂಚಾಂಗ ಯಾರು ಹೇಳಬೇಕು? ಬೋಗುಣಿ ಸಪ್ಪಳವಾಯಿತು, ಮೇಲೆ ಹಿಂಡಿ ಇದೆ, ಅದಕ್ಕೆ ಅಷ್ಟು ಗೊತ್ತು.

ಸಾಹುಕಾರನೂ ಹಿಂದೆ ಬೀಳಲಿಲ್ಲ. ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದ, ಟ್ರೇಲರ್‌ಗೆ ಹಲಗೆ ಇಳಿಬಿಟ್ಟ. ಹಲಗೆ ಕಂಡರಿಯದ ದನ ಹತ್ತೀತೇ? ಮುಂದೆ ನಾಲ್ಕು ಜನ ಜಗ್ಗಿದರು, ಹಿಂದೆ ನಾಲ್ಕು ಜನ ನೂಕಿದರು. ಹತ್ತಿದ್ದು ಎರಡು ಕರು. ಅಷ್ಟರಲ್ಲಿ ಎರೆಮಣ್ಣಿನ ಓಣಿಗೆ ನೀರು ನುಗ್ಗಿ ಟ್ರ್ಯಾಕ್ಟರಿನ ಗಾಲಿ ಹೂತುಹೋಯಿತು. ಕರುಗಳನ್ನು ಇಬ್ಬರು ಹೆಗಲ ಮೇಲೆ ಹೊತ್ತು ದಿನ್ನೆಗೆ ಓಡಿದರು. ಸರಿ, ಉಳಿದ ಹದಿನಾರನ್ನು ನಡೆಸಿಯೇ ಒಯ್ಯೋಣ ಎಂದು ಸಾಹುಕಾರ ಎಲ್ಲವನ್ನೂ ಬಿಚ್ಚಿ ಹೊರಗೆ ಹೊಡೆದ. ಅಂಗಳದವರೆಗೆ ಬಂದವು. ಬಯಲು ನೋಡಿದವು. ಹೆದರಿದವು. ತಿರುಗಿ ಕೊಟ್ಟಿಗೆಗೇ ನುಗ್ಗಿದವು.

ಮತ್ತೆ ಹೊಡೆದ. ಮತ್ತೆ ನುಗ್ಗಿದವು. ಹೊಡೆದ, ನುಗ್ಗಿದವು. ಎಂದೂ ದನದ ಮೇಲೆ ಕೈ ಎತ್ತದವನು ಅಂದು ಕೋಲು ಮುರಿಯುವಂತೆ ಬಾರಿಸಿದ. ಪ್ರತಿಯೊಂದು ದನವೂ ತನ್ನ ತನ್ನ ಮೇವಿನ ಗೋದಲಿಯ ಮುಂದೆ ಸಾಲಾಗಿ ನಿಂತು, ಯಜಮಾನ ಇನ್ನೂ ಮೇವು ಯಾಕೆ ಹಾಕಿಲ್ಲ ಎಂದು ಅವನ ಮುಖ ನೋಡಿತು. ಗೊರಸು ಮುಳುಗುವಷ್ಟು ನೀರು ಬಂದಿತ್ತು. ಸಾಹುಕಾರ ಅಲ್ಲೇ ಗೋದಲಿಯ ಕಟ್ಟೆಯ ಮೇಲೆ ಕುಸಿದು ಅತ್ತುಬಿಟ್ಟ.

ಆಗ ಟಣಟಣ ಸಪ್ಪಳ ಕೇಳಿತು. ಕರು ಹೊತ್ತು ಬಂದವರಿಂದ ಸುದ್ದಿ ತಿಳಿದು ಆಯಿ ದಿನ್ನೆಯಿಂದ ಚಿಗರಿಯನ್ನು ಹೊಡೆದುಕೊಂಡು ಇಳಿದು ಬಂದಿದ್ದಳು. ಸಾಹುಕಾರ ಎದ್ದು ಕೈ ಮುಗಿದ. "ಆಯಿ, ನಿನ್ನ ಎಮ್ಮಿ ಮುಂದ ಮಾಡು. ನನ್ನ ಮಾತು ಇವು ಕೇಳವಲ್ವು."

"ಕೈ ಮುಗಿಯೂದು ಆಮ್ಯಾಲ. ಮೊದ್ಲು ಕೋಲು ಒಗಿ."

ಚಿಗರಿ ಒಳಗೆ ಬಂತು. ಬಂದದ್ದೇ ಗೋದಲಿಯಲ್ಲಿ ಉಳಿದ ಸಾಹುಕಾರನ ಮೇವಿಗೆ ಬಾಯಿ ಹಾಕಿತು. ಲೋಕ ಮುಳುಗುತ್ತಿದ್ದರೂ ಎಮ್ಮೆಯ ಸ್ವಭಾವ ಎಲ್ಲಿ ಹೋದೀತು? ಆಯಿ ಬೋಗುಣಿ ಬಡಿದಳು. ಚಿಗರಿ ತಲೆ ಎತ್ತಿ, ತಿರುಗಿ, ಅವಸರವಿಲ್ಲದೆ ಹೊರಗೆ ನಡೆಯಿತು. ನೋಡಿ, ದನಕ್ಕೆ ಮನುಷ್ಯನ ಗಾಬರಿ ಅರ್ಥವಾಗುವುದಿಲ್ಲ. ಇನ್ನೊಂದು ದನದ ಧೈರ್ಯ ಅರ್ಥವಾಗುತ್ತದೆ. ಮೊದಲು ಒಂದು ಗಬ್ಬದ ಹಸು ಚಿಗರಿಯ ಹಿಂದೆ ಹೊರಟಿತು. ಅದರ ಹಿಂದೆ ಇನ್ನೊಂದು. ಹದಿನಾರೂ ಹೊರಟವು. ಕೊನೆಯಲ್ಲಿ ಎತ್ತಿನ ಜೋಡಿ, ಹಗ್ಗ ಸಾಹುಕಾರನ ಕೈಯಲ್ಲಿ.

ಊರಿಗೂ ದಿನ್ನೆಗೂ ನಡುವೆ ಒಂದು ಸಣ್ಣ ಹಳ್ಳ. ಮೊಣಕಾಲು ನೀರು. ಚಿಗರಿ ಇಳಿಯಿತು, ದಾಟಿತು. ಒಂದೊಂದಾಗಿ ಎಲ್ಲವೂ ದಾಟಿದವು. ಜೋಡಿಯಲ್ಲಿ ಒಂದು ಎತ್ತು ಇಳಿಯಿತು. ಇನ್ನೊಂದು, ಎರಡರಲ್ಲಿ ಹೆಚ್ಚು ಚುರುಕಾದದ್ದು, ಸಾಹುಕಾರನ ಅಂಗೈಯಿಂದ ತಿನ್ನದೆ ಬೆಳಗು ಮಾಡದಿದ್ದದ್ದು, ನೀರಿನ ಅಂಚಿಗೆ ಬಂದು ಬೆದರಿ ಕತ್ತು ಕೊಡವಿತು. ಹಗ್ಗ ಕೈ ಸುಟ್ಟು ಜಾರಿಹೋಯಿತು. ಎತ್ತು ತಿರುಗಿ ಓಡಿತು. ಓಟದಲ್ಲಿ ಗೆದ್ದ ಎತ್ತಲ್ಲವೇ, ಅದನ್ನು ಹಿಡಿಯುವವರು ಯಾರು? ನೇರ ಕೊಟ್ಟಿಗೆಗೆ ಹೋಯಿತು, ತನ್ನ ಜಾಗದಲ್ಲಿ ನಿಂತಿತು. ಹಿಂದೆ ಓಡಲು ಹೋದ ಸಾಹುಕಾರನನ್ನು ಮೂವರು ಹಿಡಿದು ದಿನ್ನೆಗೆ ಎಳೆದೊಯ್ದರು. ಗಳಿಗೆಯೊಳಗೆ ಹಳ್ಳ ಎದೆಮಟ್ಟ ಬಂತು.

ಸ್ವಲ್ಪ ಹೊತ್ತು ಅದರ ಕೂಗು ದಿನ್ನೆಯವರೆಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಸಾಹುಕಾರ ಗಿರಣಿಯ ಗೋಡೆಗೆ ತಲೆ ಇಟ್ಟು ಹೇಳಿದ, "ಎಂಥಾ ಹುಚ್ಚು ಎತ್ತು, ಆಯಿ. ಕೈಗೆ ಬಂದಿತ್ತು. ಹೊಳ್ಳಿ ಹೋತು ನೋಡು."

ಆಯಿ ಅವನ ಬೆನ್ನ ಮೇಲೆ ಕೈ ಇಟ್ಟಳು. "ಅದರದೇನೂ ತಪ್ಪಿಲ್ಲ, ಯಪ್ಪಾ. ನೀ ಕಲಿಸಿದ್ದನ್ನ ಅದು ಮರೀಲಿಲ್ಲ."

ಕಥೆ ಇಷ್ಟೇ. ನೀರು ಇಳಿದ ಮೇಲೆ ಬಂದ ಮೊದಲ ಸೋಮವಾರ ಹದಿನೇಳು ದನ ಹೊಡೆದುಕೊಂಡು ಎಲ್ಲರಿಗಿಂತ ಮುಂಚೆ ದಿನ್ನೆಯ ಮೇಲೆ ನಿಂತಿದ್ದವನು ಸಾಹುಕಾರ. ಯಾರೋ ಕೆಣಕಿದರು, "ಏನ್ರೀ, ಕಣ್ಣು ಬಿದ್ದೀತಲ್ಲ?" ಅವನೆಂದ, "ಬಿದ್ರ ಉಪ್ಪು ಮೆಣಸಿನಕಾಯಿ ಇಳಿಸಿ ತೆಗಿಯಾಕ ಬರ್ತದ. ಹೊಳಿ ನೀರಿಗೆ ಏನು ಇಳಿಸ್ತಿ?"

ಈಗ ಸೆರಗಿನ ಗಂಟು ಬಿಚ್ಚಿ. ಸಾಹುಕಾರನಿಗೆ ಪ್ರೀತಿ ಇರಲಿಲ್ಲವೇ? ಇತ್ತು. ದಯೆ? ಇತ್ತು. ಫ್ಯಾನು ಕೂಡ ಇತ್ತು. ಇಲ್ಲದ್ದು ಏನು? ವಾರಕ್ಕೊಂದು ತಾಸು ಇರಲಿಲ್ಲ, ಒಂದು ಹಿಡಿ ಹಿಂಡಿಯ ಅಭ್ಯಾಸ ಇರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆಪತ್ತಿನ ದಿನ ಯಾರಿಗೂ ಹೊಸ ಬುದ್ಧಿ ಹುಟ್ಟುವುದಿಲ್ಲ. ಎತ್ತಿಗೂ ಹುಟ್ಟುವುದಿಲ್ಲ, ನಮಗೂ ಹುಟ್ಟುವುದಿಲ್ಲ. ದಿನವೂ ಮಾಡಿದ್ದನ್ನೇ ಅಂದೂ ಮಾಡುತ್ತೇವೆ.

ಆ ಸಾಹುಕಾರ ಯಾರು ಎಂದು ನೀವು ಅಕ್ಕಪಕ್ಕ ನೋಡುತ್ತಿದ್ದೀರಿ. ಅಕ್ಕಪಕ್ಕ ಬೇಡ, ಇಲ್ಲಿ ಮೇಲೆ, ಪೀಠದತ್ತ ನೋಡಿ. ನಮ್ಮ ಮಠದ ಕೊಟ್ಟಿಗೆಯಲ್ಲಿ ಆರು ಹಸು ಇವೆ. ಹೊಳೆ ಇಲ್ಲಿಂದ ಎಷ್ಟು ದೂರ ಎಂದು ನಿಮಗೆ ಗೊತ್ತು. ಹೋದ ಸೋಮವಾರ ನಾನೇ ಒಂದು ಹಸುವಿನ ಹಗ್ಗ ಹಿಡಿದು ಹೈಸ್ಕೂಲಿನ ಹಿಂದಿನ ದಿನ್ನೆಗೆ, ನಮ್ಮ ಮರಡಿಗೆ, ಹೊರಟೆ. ಮಹಾದ್ವಾರದವರೆಗೆ ಬಂತು. ಬಯಲು ನೋಡಿತು, ತಿರುಗಿತು, ನನ್ನನ್ನೂ ಎಳೆದುಕೊಂಡು ಕೊಟ್ಟಿಗೆಗೆ ಓಡಿತು. ನನ್ನ ಒಂದು ಪಾದುಕೆ ರಸ್ತೆಯಲ್ಲೇ ಉಳಿಯಿತು. ನಿಮ್ಮಲ್ಲೊಬ್ಬರು ಅದನ್ನು ಕಣ್ಣಿಗೊತ್ತಿಕೊಂಡು ತಂದುಕೊಟ್ಟಿರಿ. ಅದು ಪವಾಡವಲ್ಲ ತಂದೆ, ಗುರುಗಳ ಅಜ್ಞಾನ. ಇಪ್ಪತ್ತು ವರ್ಷದಿಂದ ಜೀವದಯೆ ಹೇಳುತ್ತ ಬಂದೆ, ಮಠದ ಹಸುವಿಗೆ ಮರಡಿಯ ದಾರಿ ತೋರಿಸಲಿಲ್ಲ. ಅಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಾಗಾಗಿ ಇವತ್ತು ಮನೆಗೆ ಹೋದ ಕೂಡಲೇ ಕೊಟ್ಟಿಗೆಗೆ ಹೋಗಿ ಹಗ್ಗದ ಗಂಟು ನೋಡಿ. ಕಗ್ಗಂಟಾಗಿದ್ದರೆ ಬಿಚ್ಚಿ, ಜೀರುಗುಣಿಕೆ ಹಾಕಿ. ಬಾರದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರಿಗೂ ಬಹಳ ದಿನದಿಂದ ಯಾರೂ ಏನೂ ಕೇಳಿಲ್ಲ, ಖುಷಿಯಾಗುತ್ತದೆ. ನೀವು ಸಂತೆಗೆ ಹೋದ ದಿನವೇ ಹೊಳೆ ಬಂದರೆ ನಿಮ್ಮ ದನ ಬಿಚ್ಚುವವರು ಯಾರು ಎಂದು ಪಕ್ಕದ ಮನೆಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಮಾತು ಬಿಟ್ಟಿದ್ದರೆ ದನದ ನೆಪದಲ್ಲಾದರೂ ಮಾತು ಸುರುವಾಗಲಿ. ಸುಗ್ಗಿ ಮುಗಿದಾಗ ಮನೆಗೆ ನಾಲ್ಕು ಸಿವುಡು ಮೇವು ಮರಡಿಯ ಮೇಲೆ ಬಣವೆ ಹಾಕೋಣ, ಮೇಲೆ ಹೋದ ದನ ಕಲ್ಲು ತಿನ್ನಲಾರದು. ಕೋಳಿಗೆ ಬುಟ್ಟಿ ಇರಲಿ, ಕುರಿಮರಿಗೆ ಹೆಗಲಿರಲಿ. ಮೇಲಿಂದ ನೀರು ಬಿಟ್ಟಿದ್ದಾರೆಂದು ಮೈಕು ಕೂಗಿದಾಗ ಆಕಾಶ ನೋಡಿ ನಗಬೇಡಿ. ಇದ್ಯಾವುದೂ ಆಗದೆ ಓಡಬೇಕಾಗಿ ಬಂದರೆ ಓಡುವ ಮೊದಲು ಬಿಚ್ಚಿಬಿಡಿ, ಅಷ್ಟನ್ನಾದರೂ ಮಾಡಿ. ಬಿಚ್ಚಿದ ದನ ಈಜೀತು, ಕಟ್ಟಿದ ದನ ಏನು ಮಾಡೀತು?

ನಾಳೆ ಸೋಮವಾರ. ನಾಳೆಯ ಪ್ರವಚನ ಇಲ್ಲಿಲ್ಲ, ಸಂಜೆ ನಾಲ್ಕಕ್ಕೆ ಮರಡಿಯ ಮೇಲೆ. ನಿಮ್ಮ ನಿಮ್ಮ ದನಗಳೊಂದಿಗೆ ಬನ್ನಿ. ಬಂದ ದನಕ್ಕೆ ಬೆಲ್ಲದ ಪ್ರಸಾದ, ಬರಿಗೈಯಲ್ಲಿ ಬಂದ ಯಜಮಾನನಿಗೆ ಬರೀ ಆಶೀರ್ವಾದ. ಮಠದ ಹಸುಗಳೂ ಬರಬೇಕು. ಅವು ಮಹಾದ್ವಾರದಲ್ಲಿ ಮತ್ತೆ ತಿರುಗಿ ನಿಂತರೆ, ದಾರಿ ಬಲ್ಲ ಎಮ್ಮೆ ಯಾರದಿದೆಯೋ ಅವರು ದಯವಿಟ್ಟು ಅದನ್ನು ಮುಂದೆ ಬಿಡಿ. ನಾನು ಅದರ ಹಿಂದೆ ಬರುತ್ತೇನೆ.